ರೆಫರಿ ನಿಂತ ಜಾಗ

ಫುಟ್‌ಬಾಲ್ ರೆಫರಿಯ ಕೆಲಸವನ್ನು ಹೊರಗಿನಿಂದ ನೋಡುವವರಿಗೆ ಸೀಟಿ, ಕಾರ್ಡು ಮತ್ತು ಬೈಗುಳಗಳೇ ಕಾಣುತ್ತವೆ. ಬೆಂಗಳೂರಿನ ಜಿಲ್ಲಾ ಲೀಗ್ ಪಂದ್ಯಗಳಲ್ಲಿ ಹಲವು ವರ್ಷ ಓಡಿ, ರಾಜ್ಯಮಟ್ಟದ ಪಂದ್ಯಗಳಿಗೆ ಏರಿ, ಅಲ್ಲಿಂದ ಮೇಲಿನ ಮೆಟ್ಟಿಲುಗಳನ್ನು ಹತ್ತಿರದಿಂದ ನೋಡಿದ ನನಗೆ ಅದು ಮೊದಲನೆಯದಾಗಿ ಕಾಲಿನ ಕೆಲಸ. ರೆಫರಿಯ ತೀರ್ಮಾನ ಸರಿಯಾಗುತ್ತದೆಯೋ ಇಲ್ಲವೋ ಎಂಬುದು ಬಹುತೇಕ ಅವನು ಸೀಟಿ ಊದುವ ಮೂರು ನಾಲ್ಕು ಸೆಕೆಂಡು ಮೊದಲೇ, ಅವನು ಯಾವ ಕಡೆಗೆ ಓಡಿ ಎಲ್ಲಿ ಬಂದು ನಿಂತ ಎಂಬುದರಿಂದಲೇ ನಿಶ್ಚಯವಾಗಿರುತ್ತದೆ. ವಿಶ್ವಕಪ್ ಫೈನಲ್ ನಡೆಸುವವರಿಗೂ ಆಸ್ಟಿನ್ ಟೌನ್ ಮೈದಾನದಲ್ಲಿ ಬೆಳಗಿನ ಪಂದ್ಯ ನಡೆಸುವವರಿಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ.

ನಾನು ಆಟಗಾರನಾಗಿದ್ದವನು, ಹೆಸರು ಮಾಡಿದವನಲ್ಲ. ಕೆಳಗಿನ ಡಿವಿಷನ್ನಿನ ಕ್ಲಬ್ಬೊಂದರಲ್ಲಿ ಡಿಫೆಂಡರ್ ಆಗಿ ಆಡುತ್ತಿದ್ದೆ. ಓದು ಮುಗಿದು ಉದ್ಯೋಗಕ್ಕೆ ಸೇರಿದ ಮೇಲೆ ಕ್ಲಬ್ಬಿನ ಅಭ್ಯಾಸಕ್ಕೆ ಸಮಯ ಹೊಂದಿಸುವುದು ಆಗಲಿಲ್ಲ. ಆಟವನ್ನು ಬಿಡಲು ಮನಸ್ಸಿಲ್ಲದೆ, ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಹೊಸ ರೆಫರಿಗಳಿಗಾಗಿ ನಡೆಯುತ್ತಿದ್ದ ತರಬೇತಿಗೆ ಹೆಸರು ಕೊಟ್ಟೆ. ನನ್ನ ಜೊತೆಗಿದ್ದವರಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರುಗಳಿದ್ದರು, ಆಟೋ ಓಡಿಸುವವರಿದ್ದರು, ಕಾಲೇಜು ಹುಡುಗಿಯರಿದ್ದರು, ಹಲಸೂರಿನ ಗೌತಮಪುರದಿಂದ ಬಂದ, ಹುಟ್ಟಿದಾಗಿನಿಂದಲೂ ಚೆಂಡನ್ನೇ ಒದ್ದಂತೆ ಕಾಣುತ್ತಿದ್ದ ಒಬ್ಬ ಹುಡುಗನಿದ್ದ. ರಾಜ್ಯ ತಂಡಗಳು ಸೆಣಸುವ ಸಂತೋಷ್ ಟ್ರೋಫಿಯನ್ನು ಮೈಸೂರು ಎಂಬ ಹೆಸರಿನಲ್ಲಿ ನಾಲ್ಕು ಬಾರಿ ಗೆದ್ದ ರಾಜ್ಯ ನಮ್ಮದು. ಆ ತಂಡಗಳ ಆಟಗಾರರ ಹೆಸರು ಹೇಳುವ ಹಿರಿಯರು ನಗರದಲ್ಲಿ ಇನ್ನೂ ಸಿಗುತ್ತಾರೆ. ಆ ಕಾಲದ ರೆಫರಿಯೊಬ್ಬರ ಹೆಸರನ್ನು ಕೇಳಿದರೆ ಮಾತ್ರ ಸುಮ್ಮನಾಗುತ್ತಾರೆ. ಇದನ್ನು ದೂರೆಂದು ಹೇಳುತ್ತಿಲ್ಲ. ರೆಫರಿಯ ಹೆಸರು ಜನರ ಬಾಯಲ್ಲಿ ಉಳಿಯುವುದು ಸಾಮಾನ್ಯವಾಗಿ ಒಳ್ಳೆಯ ಕಾರಣಕ್ಕಲ್ಲ.

ಮೊದಲ ಹಂತ ತರಗತಿ. ಫುಟ್‌ಬಾಲಿಗೆ 17 ನಿಯಮಗಳಿವೆ. ಅವುಗಳನ್ನು ರೂಪಿಸುವ ಅಂತರರಾಷ್ಟ್ರೀಯ ಮಂಡಳಿ 1886ರಲ್ಲಿ ಹುಟ್ಟಿತು; ಅದರ ಎಂಟು ಮತಗಳಲ್ಲಿ ನಾಲ್ಕು ಬ್ರಿಟನ್ನಿನ ನಾಲ್ಕು ಸಂಸ್ಥೆಗಳಿಗೆ, ನಾಲ್ಕು ಫಿಫಾಗೆ. ಯಾವುದೇ ತಿದ್ದುಪಡಿಗೆ ಆರು ಮತ ಬೇಕಾದ್ದರಿಂದ ಎರಡು ಕಡೆಯವರೂ ಒಪ್ಪದೆ ಏನೂ ಬದಲಾಗುವುದಿಲ್ಲ. ಪುಸ್ತಕ ದೊಡ್ಡದೇನಲ್ಲ, ಆದರೆ ಪರೀಕ್ಷೆಯಲ್ಲಿ ಬರುವ ಪ್ರಶ್ನೆಗಳು ನಿಯಮದ ಮೂಲೆಗಳಿಂದ ಹುಟ್ಟುತ್ತವೆ. ಪರೋಕ್ಷ ಫ್ರೀ ಕಿಕ್ (ಒದ್ದವನಲ್ಲದೆ ಇನ್ನೊಬ್ಬರಿಗೆ ತಾಗಿದರೆ ಮಾತ್ರ ಗೋಲಾಗುವ ಒದೆತ) ಯಾರಿಗೂ ತಾಗದೆ ನೇರವಾಗಿ ಎದುರಾಳಿಯ ಗೋಲಿನೊಳಗೆ ಹೋದರೆ ಏನು ಕೊಡಬೇಕು? ಗೋಲ್ ಕಿಕ್. ಅದೇ ಚೆಂಡು ಒದ್ದವರ ಸ್ವಂತ ಗೋಲಿನೊಳಗೆ ಹೋದರೆ? ಕಾರ್ನರ್. ಪೆನಾಲ್ಟಿ ಒದ್ದವನ ಚೆಂಡು ಕಂಬಕ್ಕೆ ಬಡಿದು ಅವನ ಕಾಲಿಗೇ ಮರಳಿ, ಅವನು ಅದನ್ನು ಗೋಲಿಗೆ ತಳ್ಳಿದರೆ? ಬೇರೆ ಯಾರೂ ಚೆಂಡನ್ನು ಮುಟ್ಟಿಲ್ಲವಾದ್ದರಿಂದ ಗೋಲಿಲ್ಲ, ಎದುರು ತಂಡಕ್ಕೆ ಪರೋಕ್ಷ ಫ್ರೀ ಕಿಕ್. ಹತ್ತು ಹನ್ನೆರಡು ವರ್ಷ ಆಡಿದವರೂ ಇಂಥ ಪ್ರಶ್ನೆಗಳಿಗೆ ತಡವರಿಸುತ್ತಾರೆ, ಏಕೆಂದರೆ ಆಡುವವನಿಗೆ ಈ ಸಂದರ್ಭಗಳು ಎದುರಾಗುವುದೇ ಅಪರೂಪ. ರೆಫರಿಗೂ ಅಪರೂಪವೇ, ಆದರೆ ಎದುರಾದ ದಿನ ಮೈದಾನದಲ್ಲಿ ಉತ್ತರ ಹೇಳಬೇಕಾದವನು ಅವನೊಬ್ಬನೇ.

ತರಗತಿಗಿಂತ ಹೆಚ್ಚು ಮಂದಿಯನ್ನು ಹಿಂದಕ್ಕೆ ಕಳಿಸುವುದು ದೈಹಿಕ ಸಾಮರ್ಥ್ಯದ ಪರೀಕ್ಷೆ. ಅಂತರರಾಷ್ಟ್ರೀಯ ಪುರುಷ ರೆಫರಿಗಳಿಗೆ ಫಿಫಾ ನಿಗದಿಪಡಿಸಿದ ಅಳತೆಯನ್ನೇ ಹೇಳುತ್ತೇನೆ, ಏಕೆಂದರೆ ಕೆಳಗಿನ ಹಂತಗಳ ಪರೀಕ್ಷೆಗಳೆಲ್ಲ ಅದರದೇ ಸ್ವಲ್ಪ ಸಡಿಲಗೊಂಡ ರೂಪಗಳು. ಮೊದಲ ಭಾಗದಲ್ಲಿ 40 ಮೀಟರ್ ದೂರವನ್ನು ಆರು ಬಾರಿ ಓಡಬೇಕು, ಪ್ರತಿ ಓಟವೂ 6 ಸೆಕೆಂಡಿನೊಳಗೆ ಮುಗಿಯಬೇಕು, ನಡುವೆ ಸಿಗುವ ವಿಶ್ರಾಂತಿ ಒಂದು ನಿಮಿಷ. ಕೆಲವು ನಿಮಿಷಗಳ ಬಿಡುವಿನ ನಂತರ ಎರಡನೆಯ ಭಾಗ: 75 ಮೀಟರನ್ನು 15 ಸೆಕೆಂಡಿನಲ್ಲಿ ಓಡಿ, ಮುಂದಿನ 25 ಮೀಟರನ್ನು 18 ಸೆಕೆಂಡಿನಲ್ಲಿ ನಡೆದು, ಮತ್ತೆ 75 ಮೀಟರ್ ಓಡಿ, ಹೀಗೆ 40 ಬಾರಿ. ಅಂದರೆ 400 ಮೀಟರಿನ ಟ್ರ್ಯಾಕಿನಲ್ಲಿ ಹತ್ತು ಸುತ್ತು, ಒಟ್ಟು ನಾಲ್ಕು ಕಿಲೋಮೀಟರ್. ಧ್ವನಿವರ್ಧಕದಿಂದ ಸೀಟಿಯ ಸದ್ದು ಬರುತ್ತಲೇ ಇರುತ್ತದೆ. ಅದು ಮೊಳಗುವ ಹೊತ್ತಿಗೆ ಗುರುತಿನ ಗೆರೆಯೊಳಗೆ ಕಾಲಿಟ್ಟಿರಬೇಕು. ಮಹಿಳಾ ರೆಫರಿಗಳಿಗೆ ಕಾಲಮಿತಿ ತುಸು ಬೇರೆ, ದೂರ ಅಷ್ಟೇ.

ಈ ಓಟದಲ್ಲಿ ಮೊದಲ ಐದು ಸುತ್ತು ಯಾರಿಗೂ ಕಷ್ಟವೆನಿಸುವುದಿಲ್ಲ. ಏಳನೆಯ ಸುತ್ತಿನಲ್ಲಿ ಆ 25 ಮೀಟರ್ ನಡಿಗೆ ಕಿರಿದಾಗುತ್ತಾ ಹೋಗುವಂತೆ ಭಾಸವಾಗುತ್ತದೆ. ನಮಗೆ ಅಭ್ಯಾಸ ಮಾಡಿಸುತ್ತಿದ್ದ ಹಿರಿಯರು ಕಂಠೀರವ ಕ್ರೀಡಾಂಗಣದ ಟ್ರ್ಯಾಕಿನ ಪಕ್ಕದಲ್ಲಿ ನಿಂತು, "ನಡೆಯುವಾಗ ತಲೆ ಬಗ್ಗಿಸಬೇಡ್ರಪ್ಪ, ಮುಂದೆ ನೋಡಿ, ಪಂದ್ಯದಲ್ಲಿ ತಲೆ ಬಗ್ಗಿಸಿದ್ರೆ ಫೌಲ್ ಯಾರು ನೋಡ್ತಾರೆ" ಎಂದು ಕೂಗುತ್ತಿದ್ದರು. ಆ ಮಾತಿನಲ್ಲಿಯೇ ಈ ಪರೀಕ್ಷೆಯ ಅರ್ಥವಿದೆ. ಉನ್ನತ ಮಟ್ಟದ ಪಂದ್ಯವೊಂದರಲ್ಲಿ ನಡು ರೆಫರಿ ಹತ್ತರಿಂದ ಹನ್ನೆರಡು ಕಿಲೋಮೀಟರ್ ಕ್ರಮಿಸುತ್ತಾನೆ. ಅಷ್ಟು ಓಡಿದ ಮೇಲೂ 88ನೆಯ ನಿಮಿಷದಲ್ಲಿ ಪೆನಾಲ್ಟಿ ಪ್ರದೇಶದ ಒಳಗೆ ಕಾಲಿಗೆ ಕಾಲು ತಾಗಿತೇ, ಚೆಂಡಿಗೆ ಮೊದಲು ತಾಗಿತೇ ಎಂಬುದನ್ನು ಅವನು ನೋಡಿ ಹೇಳಬೇಕು. ಏದುಸಿರು ಬಿಡುವವನ ಕಣ್ಣು ಅದೇ ಕೆಲಸವನ್ನು ಮಾಡಲಾರದು.

ಪಾಸಾದವರಿಗೆ ಮೊದಲು ಸಿಗುವುದು ಬಾವುಟ. ಸಹಾಯಕ ರೆಫರಿಯ ಕೆಲಸವನ್ನು ಸುಲಭವೆಂದು ಎಣಿಸುವವರು ಬಹಳ. ನನ್ನ ಅಭಿಪ್ರಾಯದಲ್ಲಿ ನಡುವಿನ ಕೆಲಸಕ್ಕಿಂತ ಅದೇ ಹೆಚ್ಚು ಏಕಾಗ್ರತೆ ಬೇಡುತ್ತದೆ. ಚೆಂಡು ಒದ್ದ ಕ್ಷಣದಲ್ಲಿ ಮುನ್ನುಗ್ಗುವ ಆಟಗಾರ ಎದುರು ತಂಡದ ಕೊನೆಯಿಂದ ಎರಡನೆಯವನನ್ನೂ ಚೆಂಡನ್ನೂ ದಾಟಿ ಗೋಲಿನ ಹತ್ತಿರ ಇದ್ದನೇ ಎಂದು ನೋಡುವುದು, ಅಂದರೆ ಆಫ್‌ಸೈಡ್ ಹಿಡಿಯುವುದು, ಅವನ ಮುಖ್ಯ ಕೆಲಸ. ಅದಕ್ಕಾಗಿ ಗೋಲ್ ಗೆರೆಯಿಂದ ಎಣಿಸಿದರೆ ಎರಡನೆಯವನಾದ ಡಿಫೆಂಡರಿಗೆ ಅಥವಾ ಚೆಂಡಿಗೆ, ಯಾವುದು ಗೆರೆಗೆ ಹೆಚ್ಚು ಹತ್ತಿರವೋ ಅದಕ್ಕೆ ಸರಿಯಾಗಿ ಸದಾ ನಿಂತಿರಬೇಕು. ಮುಖ ಮೈದಾನದ ಕಡೆಗೇ ಇರಬೇಕಾದ್ದರಿಂದ ಓಟ ಬಹುಪಾಲು ಅಡ್ಡಹೆಜ್ಜೆಯದು. ಅದಕ್ಕೆಂದೇ ಸಹಾಯಕರಿಗೆ ಬೇರೆ ಪರೀಕ್ಷೆಯಿದೆ: 10 ಮೀಟರ್ ನೇರ ಓಡಿ, ಎಂಟು ಮೀಟರ್ ಒಂದು ಕಡೆಗೆ ಅಡ್ಡ ಸರಿದು, ಎಂಟು ಮೀಟರ್ ಇನ್ನೊಂದು ಕಡೆಗೆ ಸರಿದು, ಮತ್ತೆ 10 ಮೀಟರ್ ಓಡಿ, ಎಲ್ಲವನ್ನೂ 10 ಸೆಕೆಂಡಿನಲ್ಲಿ ಮುಗಿಸಬೇಕು. ಪಂದ್ಯದಲ್ಲಿ ಕಿವಿಗೆ ಚೆಂಡು ಒದ್ದ ಸದ್ದು ಕೇಳಬೇಕು, ಅದೇ ಕ್ಷಣದಲ್ಲಿ ಕಣ್ಣು ಆ ಡಿಫೆಂಡರಿನ ಸಾಲಿನ ಮೇಲಿರಬೇಕು. ಒದೆಯುವವನನ್ನು ನೋಡಿ ಆಮೇಲೆ ಕತ್ತು ತಿರುಗಿಸುವಷ್ಟರಲ್ಲಿ ಮುನ್ನುಗ್ಗುವ ಆಟಗಾರ ಎರಡು ಹೆಜ್ಜೆ ಹೋಗಿರುತ್ತಾನೆ. ತಲೆ, ಮುಂಡ, ಕಾಲು ಲೆಕ್ಕಕ್ಕೆ ಬರುತ್ತವೆ, ಕೈ ಬರುವುದಿಲ್ಲ. ಆ ಸಾಲಿನಿಂದ ಒಂದು ಮೀಟರ್ ಹಿಂದೆ ಬಿದ್ದು ಓರೆಯಾಗಿ ನೋಡಿದರೆ ಸರಿಯಾಗಿರುವ ಆಟಗಾರನೂ ಮುಂದೆ ಇದ್ದಂತೆ ಕಾಣಬಲ್ಲ.

ಆಸ್ಟಿನ್ ಟೌನಿನಲ್ಲಿ ಬಾವುಟ ಹಿಡಿದವನಿಗೆ ಇನ್ನೊಂದು ಶಿಕ್ಷಣವೂ ದೊರೆಯುತ್ತದೆ. ಅಲ್ಲಿ ಗೆರೆಯ ಆಚೆಗೇ ಜನ ನಿಂತಿರುತ್ತಾರೆ. ಕನ್ನಡ, ತಮಿಳು, ದಖ್ಖನಿ ಮೂರೂ ಭಾಷೆಗಳಲ್ಲಿ ಸಲಹೆ ಬರುತ್ತದೆ, ಮತ್ತು ಸಲಹೆ ಕೊಡುವವರಲ್ಲಿ ಅರ್ಧದಷ್ಟು ಮಂದಿ ಒಂದು ಕಾಲಕ್ಕೆ ಸೂಪರ್ ಡಿವಿಷನ್ನಿನಲ್ಲಿ ಆಡಿದವರೇ ಆಗಿರುತ್ತಾರೆ. "ಸಾರ್, ಕಣ್ಣು ತೋರಿಸ್ಕೊಳಿ ಸಾರ್" ಎನ್ನುವವರನ್ನು ಮರೆಯಬಹುದು. ಬೆನ್ನ ಹಿಂದೆಯೇ ನಿಂತು ಗೌರವದ ದನಿಯಲ್ಲಿ "ಅವ್ನು ಒಳಗೇ ಇದ್ದ ಅಲ್ವಾ ಸಾರ್" ಎಂದು ಕೇಳುವ ಹಿರಿಯರನ್ನು ಮರೆಯುವುದು ಕಷ್ಟ. ತಿರುಗಿ ಉತ್ತರ ಕೊಟ್ಟರೆ ಮುಂದಿನ ಆಫ್‌ಸೈಡ್ ತಪ್ಪಿಹೋಗುತ್ತದೆ ಎಂಬುದನ್ನು ಬೇಗನೆ ಕಲಿಯಬೇಕಾಗುತ್ತದೆ.

ನಡುವಿನ ರೆಫರಿಯಾಗಿ ಪಂದ್ಯ ಸಿಗತೊಡಗಿದ ಮೇಲೆ ನಿಲ್ಲುವ ಜಾಗದ ವಿಷಯ ಪೂರ್ತಿ ಬೇರೆಯಾಗುತ್ತದೆ. ಮೈದಾನದ ಒಂದು ಮೂಲೆಯಿಂದ ಎದುರಿನ ಮೂಲೆಗೆ ಓರೆಯಾಗಿ ಓಡುವುದು ಹಳೆಯ ಪದ್ಧತಿ. ಉಳಿದ ಎರಡು ಮೂಲೆಗಳ ಕಡೆಗೆ ಸಹಾಯಕರಿರುವುದರಿಂದ ಆಟ ಸದಾ ರೆಫರಿ ಮತ್ತು ಒಬ್ಬ ಸಹಾಯಕನ ನಡುವೆ ಉಳಿಯುತ್ತದೆ. ಆದರೆ ಆ ಓರೆಗೆರೆ ಬರೀ ಆರಂಭ. ಇಬ್ಬರು ಆಟಗಾರರು ಚೆಂಡಿಗಾಗಿ ಸೆಣಸುವಾಗ ಅವರ ಹಿಂದೆ ನೇರವಾಗಿ ನಿಂತವನಿಗೆ ಬೆನ್ನುಗಳು ಮಾತ್ರ ಕಾಣುತ್ತವೆ. ಪಕ್ಕದಿಂದ ನೋಡುವವನಿಗೆ ಅವರ ನಡುವಿನ ಸಂದು ಕಾಣುತ್ತದೆ, ಅಂಗಿ ಎಳೆದ ಕೈ ಆ ಸಂದಿನಲ್ಲಿಯೇ ಇರುತ್ತದೆ. ಹತ್ತಿರ ಹೋಗುವುದಕ್ಕಿಂತ ಆ ಕೋನಕ್ಕೆ ಹೋಗುವುದು ಮುಖ್ಯ. ಐದು ಮೀಟರಿನಲ್ಲಿ ತಪ್ಪು ಕೋನದಲ್ಲಿ ನಿಂತವನಿಗಿಂತ 15 ಮೀಟರಿನಲ್ಲಿ ಸರಿಯಾದ ಕೋನದಲ್ಲಿ ನಿಂತವನು ಚೆನ್ನಾಗಿ ನೋಡುತ್ತಾನೆ.

ಇದಕ್ಕೆ 2010ರ ವಿಶ್ವಕಪ್ ಫೈನಲ್‌ಗಿಂತ ದೊಡ್ಡ ಉದಾಹರಣೆಯಿಲ್ಲ. ಜೊಹಾನ್ಸ್‌ಬರ್ಗ್‌ನಲ್ಲಿ ಸ್ಪೇನ್ ಮತ್ತು ನೆದರ್ಲೆಂಡ್ಸ್ ಆಡಿದ ಆ ಪಂದ್ಯವನ್ನು ಇಂಗ್ಲೆಂಡಿನ ಹೊವಾರ್ಡ್ ವೆಬ್ ನಡೆಸಿದರು. ಅದೇ ವರ್ಷ ಚಾಂಪಿಯನ್ಸ್ ಲೀಗ್ ಫೈನಲ್ ಕೂಡ ಅವರದೇ ಆಗಿತ್ತು. ಮೊದಲಾರ್ಧದಲ್ಲಿ ನೈಜಲ್ ಡಿ ಯಾಂಗ್ ಎತ್ತಿದ ಕಾಲು ಕ್ಸಾಬಿ ಅಲೊನ್ಸೊ ಅವರ ಎದೆಗೆ ಬಡಿಯಿತು. ವೆಬ್ ಹಳದಿ ಕಾರ್ಡ್ ತೋರಿಸಿದರು. ಟಿವಿಯಲ್ಲಿ ನೋಡಿದ ಜಗತ್ತಿಗೆಲ್ಲ ಅದು ಕೆಂಪು ಕಾರ್ಡ್ ಎಂದು ಗೊತ್ತಾಯಿತು. ತನ್ನ ನೋಟಕ್ಕೆ ಆ ಕ್ಷಣದಲ್ಲಿ ಆಟಗಾರರೊಬ್ಬರು ಅಡ್ಡವಾಗಿದ್ದರು, ಅದು ಕೆಂಪು ಕಾರ್ಡೇ ಆಗಬೇಕಿತ್ತು ಎಂದು ವೆಬ್ ಆಮೇಲೆ ತಾವೇ ಹೇಳಿದರು. ಅವರು ನಿಯಮ ತಿಳಿಯದವರಲ್ಲ, ಧೈರ್ಯವಿಲ್ಲದವರೂ ಅಲ್ಲ. ಆ ಪಂದ್ಯದಲ್ಲಿ ಅವರು 14 ಹಳದಿ ಕಾರ್ಡ್ ಮತ್ತು ಒಂದು ಕೆಂಪು ಕಾರ್ಡ್ ತೋರಿಸಿದ್ದಾರೆ. ಒಂದೆರಡು ಹೆಜ್ಜೆ ಬದಿಗಿದ್ದರೆ ಅವರ ತೀರ್ಮಾನ ಬೇರೆಯಾಗುತ್ತಿತ್ತು ಎಂದೇ ನಾನು ನಂಬಿದ್ದೇನೆ. ತರಬೇತಿಗೆ ಬರುವ ಹುಡುಗರು ಈ ದೃಶ್ಯವನ್ನು ನೋಡಿ ನಗುವುದುಂಟು. ಎರಡು ಪಂದ್ಯ ನಡೆಸಿದ ಮೇಲೆ ನಗುವುದಿಲ್ಲ.

ಪ್ರತಿ ಮುಖ್ಯ ಪಂದ್ಯಕ್ಕೂ ಗ್ಯಾಲರಿಯಲ್ಲಿ ಒಬ್ಬ ಮೌಲ್ಯಮಾಪಕರು ಕುಳಿತಿರುತ್ತಾರೆ. ಪಂದ್ಯ ಮುಗಿದ ಮೇಲೆ ಡ್ರೆಸಿಂಗ್ ರೂಮಿಗೆ ಬಂದು ಅವರು ಮಾಡುವ ಮಾತುಕತೆಯೇ ಈ ವೃತ್ತಿಯ ನಿಜವಾದ ಪಾಠಶಾಲೆ. ನನ್ನ ಕಾರ್ಡುಗಳ ಬಗ್ಗೆ ಅವರು ಹೆಚ್ಚು ಕೇಳುತ್ತಿರಲಿಲ್ಲ. "ಆ ಕಾರ್ನರ್ ಹೊತ್ತಿಗೆ ನೀವು ಯಾಕೆ ಅಲ್ಲಿ ನಿಂತ್ರಿ?" ಎಂದು ಕೇಳಿ, ಉತ್ತರ ಬರುವವರೆಗೂ ಕಾಯುತ್ತಿದ್ದರು. ಹಿಂದಿನ ಕಾರ್ನರಿನಲ್ಲಿ ಇಬ್ಬರು ಒಬ್ಬರನ್ನೊಬ್ಬರು ನೂಕಾಡಿದ್ದನ್ನು ಕಂಡಿದ್ದೆ, ಅವರಿಬ್ಬರೂ ಕಾಣುವ ಕಡೆಗೆ ಸರಿದೆ ಎಂದರೆ ತಲೆಯಾಡಿಸುತ್ತಿದ್ದರು. ಕಾರಣವಿಟ್ಟು ನಿಂತಿದ್ದರೆ ಸಾಕು, ತೀರ್ಮಾನದ ವಿಷಯ ಆಮೇಲೆ ಮಾತಾಡೋಣ ಎಂಬುದು ಅವರ ಧೋರಣೆ. ಅವರ ವರದಿಯ ಅಂಕಗಳ ಮೇಲೆಯೇ ಮುಂದಿನ ಪಂದ್ಯಗಳು, ಮುಂದಿನ ದರ್ಜೆ, ಕೊನೆಗೆ ರಾಷ್ಟ್ರೀಯ ರೆಫರಿಯ ಅರ್ಹತೆ ನಿಂತಿರುತ್ತದೆ.

ಆಟಗಾರರೊಂದಿಗಿನ ನಡವಳಿಕೆಯನ್ನು ಯಾವ ಪರೀಕ್ಷೆಯೂ ಅಳೆಯಲಾರದು. ಇವತ್ತು ಎಲ್ಲರಿಗೂ ತಿಳಿದ ಹಳದಿ, ಕೆಂಪು ಕಾರ್ಡುಗಳು 1970ರ ಮೆಕ್ಸಿಕೊ ವಿಶ್ವಕಪ್ಪಿನಲ್ಲಿ ಮೊದಲು ಬಂದವು. ಅದಕ್ಕೆ ಮೊದಲು ಎಚ್ಚರಿಕೆಯನ್ನೂ ಉಚ್ಚಾಟನೆಯನ್ನೂ ಬಾಯಿಮಾತಿನಲ್ಲಿ ಹೇಳಬೇಕಿತ್ತು. 1966ರಲ್ಲಿ ವೆಂಬ್ಲಿಯಲ್ಲಿ ಅರ್ಜೆಂಟೀನಾದ ನಾಯಕ ರಟ್ಟಿನ್ ಮೈದಾನ ಬಿಡಲು ಒಪ್ಪದೆ ದೊಡ್ಡ ಗೊಂದಲವಾದ ಮೇಲೆ, ಇಂಗ್ಲೆಂಡಿನ ಕೆನ್ ಆ್ಯಸ್ಟನ್ ಅವರಿಗೆ ಟ್ರಾಫಿಕ್ ದೀಪಗಳನ್ನು ನೋಡಿ ಈ ಬಣ್ಣಗಳ ಉಪಾಯ ಹೊಳೆಯಿತು. ಮಾತು ಬಾರದ ದೇಶದಲ್ಲಿಯೂ ಪಂದ್ಯ ನಡೆಸಬಹುದಾದ ವ್ಯವಸ್ಥೆ ಹೀಗೆ ಹುಟ್ಟಿತು. ಆದರೂ ಮಾತು ಬೇಕಾಗುವ ಸಂದರ್ಭಗಳು ಉಳಿದೇ ಇವೆ. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ನಾಕೌಟ್ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ, ಎದುರಾಳಿಗಳು ಚೆಂಡಿಗೆ ಅಡ್ಡವಾಗಿ ಸಾಲು ನಿಂತು ಗೋಡೆ ಕಟ್ಟಿ ಮುಗಿಸುವ ಮೊದಲೇ ಸುನಿಲ್ ಚೆಟ್ರಿ ಫ್ರೀ ಕಿಕ್ ಒದ್ದು ಗೋಲು ಮಾಡಿದರು. ರೆಫರಿ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಆಟಗಾರರು ಮೈದಾನ ಬಿಟ್ಟು ಹೊರನಡೆದರು, ಆ ಕ್ಲಬ್ಬಿಗೆ ಆಮೇಲೆ ನಾಲ್ಕು ಕೋಟಿ ರೂಪಾಯಿ ದಂಡ ಬಿತ್ತು. ಫ್ರೀ ಕಿಕ್ಕನ್ನು ಬೇಗ ತೆಗೆಯುವ ಹಕ್ಕು ಒದೆಯುವ ತಂಡಕ್ಕಿದೆ. ಸೀಟಿಗಾಗಿ ಕಾಯಬೇಕೆಂದು ರೆಫರಿ ಸೂಚಿಸಿದ ಮೇಲೆ ಮಾತ್ರ ಆ ಹಕ್ಕು ನಿಲ್ಲುತ್ತದೆ. ಈ ಪ್ರಕರಣ ನಮ್ಮ ರೆಫರಿಗಳ ನಡುವೆ ತಿಂಗಳುಗಟ್ಟಲೆ ಚರ್ಚೆಯಾಯಿತು. ನನ್ನ ಅಭ್ಯಾಸ ಸರಳವಾದದ್ದು: ಗೋಲಿನ ಹತ್ತಿರ ಫ್ರೀ ಕಿಕ್ ಕೊಟ್ಟ ತಕ್ಷಣ ಒದೆಯುವವನ ಮುಖ ಕಾಣುವಲ್ಲಿ ಹೋಗಿ ನಿಲ್ಲುತ್ತೇನೆ, ಅವನು ಗೋಡೆಯನ್ನು ಹಿಂದಕ್ಕೆ ಕಳಿಸಿ ಎಂದು ಕೇಳಿದರೆ ಸೀಟಿಯನ್ನು ಕೈಯಲ್ಲಿ ಎತ್ತಿ ಇಬ್ಬರಿಗೂ ತೋರಿಸುತ್ತೇನೆ. (ಆ ಪಂದ್ಯದ ಮರುದಿನವೇ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ನಗರದಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು ಮಾತ್ರ ಆ ಫ್ರೀ ಕಿಕ್.)

ರಾಜ್ಯಮಟ್ಟದಿಂದ ಮೇಲೆ ಹೋಗುವವರ ಮುಂದೆ ವಯಸ್ಸಿನ ಲೆಕ್ಕವೊಂದು ನಿಂತಿರುತ್ತದೆ. ಫಿಫಾ ಪಟ್ಟಿಗೆ ಸೇರುವ ರೆಫರಿಗೆ ಕನಿಷ್ಠ 25 ವರ್ಷ, ಸಹಾಯಕನಿಗೆ 23 ವರ್ಷ ತುಂಬಿರಬೇಕು. ತನ್ನ ದೇಶದ ಅಗ್ರ ಲೀಗಿನಲ್ಲಿ ಕನಿಷ್ಠ ಎರಡು ವರ್ಷ ನಿಯಮಿತವಾಗಿ ಪಂದ್ಯ ನಡೆಸಿರಬೇಕು. ಹೆಸರನ್ನು ರಾಷ್ಟ್ರೀಯ ಸಂಸ್ಥೆ ಕಳಿಸುತ್ತದೆ. ಎದೆಯ ಮೇಲಿನ ಫಿಫಾ ಬಿಲ್ಲೆ ಜನವರಿ 1ರಿಂದ ಡಿಸೆಂಬರ್ 31ರವರೆಗೆ ಮಾತ್ರ. ಪ್ರತಿ ವರ್ಷ ಮತ್ತೆ ಓಡಬೇಕು, ಮತ್ತೆ ಪಾಸಾಗಬೇಕು. ಮೊದಲು 45ಕ್ಕೆ ನಿವೃತ್ತಿ ಕಡ್ಡಾಯವಿತ್ತು, ಈಗ ಆ ಮಿತಿ ಇಲ್ಲ, ಆದರೆ ಕಾಲುಗಳಿಗೆ ಇದ್ದೇ ಇದೆ. ಇದನ್ನು ಹಿಂದಿನಿಂದ ಎಣಿಸಿದರೆ, ಮೂವತ್ತರ ಹೊತ್ತಿಗೆ ಬಿಲ್ಲೆ ಬೇಕೆನ್ನುವವರು ಇಪ್ಪತ್ತರ ಆಸುಪಾಸಿನಲ್ಲೇ ಬಾವುಟ ಹಿಡಿದಿರಬೇಕು. ಆಟಗಾರನಾಗಿ ಮುಗಿಸಿ ಆಮೇಲೆ ಬಂದ ನನ್ನಂಥವರಿಗೆ ಆ ಲೆಕ್ಕ ಕೂಡುವುದಿಲ್ಲ.

ಬಿಲ್ಲೆ ಸಿಕ್ಕ ಮೇಲೂ ವಿಶ್ವಕಪ್ ದೂರವೇ. 2022ರ ಕತಾರ್ ವಿಶ್ವಕಪ್ಪಿಗೆ ಇಡೀ ಜಗತ್ತಿನಿಂದ ಆಯ್ಕೆಯಾದ ನಡು ರೆಫರಿಗಳು 36 ಮಂದಿ. ಭಾರತದ ಕೋಮಲೀಶ್ವರನ್ ಶಂಕರ್ 2002ರಲ್ಲಿ ಸಹಾಯಕ ರೆಫರಿಯಾಗಿ ವಿಶ್ವಕಪ್ಪಿಗೆ ಹೋದರು. ಗೋವಾದ ಉವೇನಾ ಫರ್ನಾಂಡಿಸ್ 2016ರಲ್ಲಿ ಜೋರ್ಡಾನ್‌ನಲ್ಲಿ ನಡೆದ 17 ವರ್ಷದೊಳಗಿನ ಮಹಿಳೆಯರ ವಿಶ್ವಕಪ್ಪಿನಲ್ಲಿ ಬಾವುಟ ಹಿಡಿದರು. ನಡುವಿನ ಸೀಟಿಯೊಂದಿಗೆ ಭಾರತೀಯರೊಬ್ಬರು ಪುರುಷರ ವಿಶ್ವಕಪ್ ಪಂದ್ಯ ನಡೆಸಿದ್ದು ಇನ್ನೂ ಆಗಿಲ್ಲ. ಏಷ್ಯಾದಿಂದ ಅದು ಅಸಾಧ್ಯವೆಂದು ಹೇಳುವಂತಿಲ್ಲ, ಏಕೆಂದರೆ ವಿಶ್ವಕಪ್ ಪಂದ್ಯಗಳನ್ನು ನಡೆಸಿದವರ ಸಾಲಿನಲ್ಲಿ ಮುಂದೆ ನಿಂತಿರುವವರು ಉಜ್ಬೇಕಿಸ್ತಾನದ ರವ್ಷನ್ ಇರ್ಮಾತೊವ್, 2010ರಿಂದ 2018ರವರೆಗಿನ ಮೂರು ಕೂಟಗಳಲ್ಲಿ 11 ಪಂದ್ಯ. ಕತಾರ್‌ನಲ್ಲಿಯೇ 2022ರ ಡಿಸೆಂಬರ್ 1ರಂದು ಫ್ರಾನ್ಸಿನ ಸ್ಟೆಫನಿ ಫ್ರಪ್ಪಾ ಜರ್ಮನಿ ಮತ್ತು ಕೋಸ್ಟರಿಕ ನಡುವಿನ ಪಂದ್ಯ ನಡೆಸಿ, ಪುರುಷರ ವಿಶ್ವಕಪ್ಪಿನಲ್ಲಿ ನಡುವೆ ನಿಂತ ಮೊದಲ ಮಹಿಳೆಯಾದರು. ಮರುದಿನ ಬೆಳಗಿನ ಅಭ್ಯಾಸಕ್ಕೆ ನಮ್ಮ ಹುಡುಗಿಯರು ಬಂದಾಗ ಅವರಲ್ಲಿದ್ದ ಹುಮ್ಮಸ್ಸನ್ನು ನಾನು ಕಂಡಿದ್ದೇನೆ.

ಈ ಎತ್ತರಕ್ಕೆ ಏರಿದವರಲ್ಲಿ ಹಲವರು ಬೇರೆ ಉದ್ಯೋಗವಿದ್ದವರು ಎಂಬುದು ನನಗೆ ಸದಾ ಸಮಾಧಾನ ಕೊಡುವ ಸಂಗತಿ. ವೆಬ್ ಪೊಲೀಸ್ ಸಾರ್ಜೆಂಟ್ ಆಗಿದ್ದರು. ನೆದರ್ಲೆಂಡ್ಸಿನ ಬ್ಯೋರ್ನ್ ಕೈಪರ್ಸ್ ಸೂಪರ್ ಮಾರ್ಕೆಟ್ ನಡೆಸುವವರು. 2002ರ ಫೈನಲ್ ನಡೆಸಿದ ಇಟಲಿಯ ಪಿಯರ್‌ಲುಯಿಜಿ ಕೊಲ್ಲಿನಾ ಹಣಕಾಸು ಸಲಹೆಗಾರರಾಗಿದ್ದವರು. 2017ರಿಂದ ಫಿಫಾದ ರೆಫರಿಗಳ ಸಮಿತಿಗೆ ಅವರೇ ಅಧ್ಯಕ್ಷರು. ಆಡುವ ತಂಡಗಳನ್ನು ಪಂದ್ಯದ ಮೊದಲು ಅಭ್ಯಾಸ ಮಾಡುವ ಪದ್ಧತಿಗೆ ಕೊಲ್ಲಿನಾ ಪ್ರಸಿದ್ಧರು: ಯಾವ ತಂಡ ಕಾರ್ನರನ್ನು ಹೇಗೆ ಒದೆಯುತ್ತದೆ, ಯಾವ ಆಟಗಾರ ಎಡಗಾಲಿನವನು ಎಂದು ತಿಳಿದವನು ಚೆಂಡು ಹೋಗುವ ಕಡೆಗೆ ಮೊದಲೇ ಓಡುತ್ತಾನೆ. ಇದನ್ನು ನಾನು ಜಿಲ್ಲಾ ಲೀಗಿನಲ್ಲಿಯೂ ಮಾಡಿದ್ದೇನೆ, ಆಫೀಸಿನ ಊಟದ ಬಿಡುವಿನಲ್ಲಿ ಹಿಂದಿನ ವಾರದ ಪಂದ್ಯ ನಡೆಸಿದ ಗೆಳೆಯರಿಗೆ ಫೋನ್ ಮಾಡಿ. ದೇಹವೇ ಅಡ್ಡ ಬರುವುದೂ ಉಂಟು. 2022ರ ಫೈನಲ್ ನಡೆಸಿದ ಪೋಲೆಂಡಿನ ಶಿಮೋನ್ ಮಾರ್ಚಿನಿಯಾಕ್, ಅದಕ್ಕೆ ಮುನ್ನ 2021ರಲ್ಲಿ ನಡೆದ ಯೂರೋ ಕೂಟವನ್ನು ಹೃದಯ ಬಡಿತದ ತೊಂದರೆಯಿಂದ ಕಳೆದುಕೊಂಡಿದ್ದರು. ಒಂದೂವರೆ ವರ್ಷದೊಳಗೆ ಅವರು ಮರಳಿ ಬಂದ ರೀತಿ ನಮ್ಮ ತರಬೇತಿಗಳಲ್ಲಿ ಮತ್ತೆ ಮತ್ತೆ ಹೇಳುವ ಕಥೆಯಾಗಿದೆ.

ವಿಎಆರ್, ಅಂದರೆ ಪರದೆಯಲ್ಲಿ ವಿಡಿಯೊ ನೋಡಿ ತೀರ್ಮಾನ ಪರಿಶೀಲಿಸುವ ವ್ಯವಸ್ಥೆ, ಬಂದ ಮೇಲೆ ಈ ಓಟವೆಲ್ಲ ಏಕೆ ಎಂದು ಕೇಳುವವರಿದ್ದಾರೆ. ವಿಡಿಯೊ ಸಹಾಯಕರು ಮಧ್ಯೆ ಬರುವುದು ಮುಖ್ಯವಾಗಿ ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡ್, ಒಬ್ಬನ ಬದಲು ಇನ್ನೊಬ್ಬನಿಗೆ ಕಾರ್ಡ್ ಹೋದ ಸಂದರ್ಭಗಳಲ್ಲಿ; ಅದೂ ತಪ್ಪು ಸ್ಪಷ್ಟವಾಗಿ ಎದ್ದು ಕಾಣುವಂತಿದ್ದರೆ. ಉಳಿದದ್ದೆಲ್ಲ ಮೈದಾನದಲ್ಲಿರುವವರ ಪಾಲಿಗೆ. ನಾನು ಓಡಿದ ಯಾವ ಮೈದಾನದಲ್ಲಿಯೂ ಆ ಪರದೆ ಇರಲಿಲ್ಲ. ಕೆಲವು ಕಡೆ ಗೋಲಿನ ಬಲೆ ಸರಿಯಾಗಿ ಕಟ್ಟಿದೆಯೇ ಎಂಬುದನ್ನು ಪಂದ್ಯಕ್ಕೆ ಮೊದಲು ನಾವೇ ಎಳೆದು ನೋಡಬೇಕಾಗಿತ್ತು, ಏಕೆಂದರೆ ಬಲೆ ಹರಿದಿದ್ದರೆ ಚೆಂಡು ಒಳಗಿಂದ ಹೋಯಿತೋ ಹೊರಗಿಂದ ಹೋಯಿತೋ ಎಂದು ಕೇಳುವುದಕ್ಕೆ ಬೇರೆ ಯಾರೂ ಇರುವುದಿಲ್ಲ.

ಈಗ ನಾನು ನಡುವೆ ಓಡುವುದು ಕಡಿಮೆ. ಗ್ಯಾಲರಿಯಲ್ಲಿ ಕುಳಿತು ವರದಿ ಬರೆಯುವುದು ಹೆಚ್ಚು. ಈಚೆಗೆ ಹೊಸಬರಿಗೆ ತೊಡಕಾಗಿರುವುದು 2025ರಲ್ಲಿ ಬಂದ ತಿದ್ದುಪಡಿ: ಗೋಲ್‌ಕೀಪರ್ ಚೆಂಡನ್ನು ಎಂಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಕೈಯಲ್ಲಿ ಹಿಡಿದರೆ ಎದುರಾಳಿಗೆ ಕಾರ್ನರ್, ಕೊನೆಯ ಐದು ಸೆಕೆಂಡುಗಳನ್ನು ರೆಫರಿ ಕೈ ಎತ್ತಿ ಎಣಿಸಿ ತೋರಿಸಬೇಕು. ಎಣಿಸುವ ಹುಡುಗರು ಕೀಪರನ್ನೇ ನೋಡುತ್ತಾ ನಿಂತುಬಿಡುತ್ತಾರೆ. ಅಷ್ಟರಲ್ಲಿ ನಡು ಮೈದಾನದಲ್ಲಿ ಇಬ್ಬರು ಅಂಗಿ ಹಿಡಿದುಕೊಂಡಿರುತ್ತಾರೆ, ಕೀಪರ್ ದೂರಕ್ಕೆ ಒದ್ದರೆ ಈ ಹುಡುಗರು 50 ಮೀಟರ್ ಹಿಂದೆ ಉಳಿದಿರುತ್ತಾರೆ. ಆದ್ದರಿಂದ ಕೈ ಎತ್ತಿ ಎಣಿಸುತ್ತಲೇ ದೇಹವನ್ನು ಪಕ್ಕಕ್ಕೆ ತಿರುಗಿಸಿ ಹಿಂದಕ್ಕೆ ಸರಿಯುವ ಅಭ್ಯಾಸವನ್ನು ಈ ವರ್ಷ ಎಲ್ಲರಿಗೂ ಮಾಡಿಸುತ್ತಿದ್ದೇವೆ: ಮೊದಲು ನಡೆಯುತ್ತಾ, ಆಮೇಲೆ ಓಡುತ್ತಾ, ಕೊನೆಗೆ ದಣಿದಿರುವಾಗ.